ಪತ್ರಾದ ಕೆಳಗೊಂದು ಮಧ್ಯಾಹ್ನ

ತಗಡಿಗೆ ಪುಣೆಯಲ್ಲಿ ಎಲ್ಲರೂ ಪತ್ರಾ ಅನ್ನುತ್ತಾರೆ. ಬಂದ ಮೊದಲ ವಾರದಲ್ಲೇ ನಾನೂ ಹಾಗೆ ಅನ್ನಲು ಕಲಿತೆ. ಆಮೇಲೆ ನನ್ನ ಆಯುಷ್ಯವೆಲ್ಲ ಅದರ ಮೇಲೆಯೇ ಕಳೆಯಿತು. ಕಾರಖಾನೆಯ ಶೆಡ್ಡು, ಗೋದಾಮು, ಮದುವೆಯ ಮಂಗಲ ಕಾರ್ಯಾಲಯ, ಕೋಳಿ ಫಾರಂ, ಬಡವರ ಒಂದು ಕೋಣೆಯ ಖೋಲಿ ಎಲ್ಲಕ್ಕೂ ಪತ್ರಾ ಹೊದಿಸಿದ್ದೇನೆ. ಪಿಂಪ್ರಿ-ಚಿಂಚವಾಡದಿಂದ ತಳೇಗಾಂವದ ಕಡೆಗೆ ಲೋಕಲ್ ರೈಲಿನ ಕಿಟಕಿಯ ಪಕ್ಕ ಕೂತರೆ ನನ್ನ ಛಾವಣಿಗಳು ಒಂದಾದ ಮೇಲೊಂದು ಕಾಣುತ್ತವೆ. ಪಕ್ಕದಲ್ಲಿ ಗುರುತಿನವರಿದ್ದರೆ ಬೆರಳು ಮಾಡಿ ತೋರಿಸುತ್ತೇನೆ. ಇಲ್ಲದಿದ್ದರೆ ನಾನೇ ನೋಡಿಕೊಂಡು ಸಮಾಧಾನಪಡುತ್ತೇನೆ.

ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ. ಪುಣೆಯಲ್ಲಿ ದುಡಿಯುತ್ತಿದ್ದ ಸೋದರಮಾವ ಊರಿಗೆ ಬಂದಾಗ ಅವನ ಕಾಲಲ್ಲಿದ್ದ ಬೂಟು ನೋಡಿ ನಾನೇ ಬೆನ್ನು ಹತ್ತಿದೆ. ಓದುವ ಚಟ ಮಾತ್ರ ಉಳಿಯಿತು. ಕಲಬುರಗಿ ಬಸ್ಸಿನವರು ತರುತ್ತಿದ್ದ ಕನ್ನಡ ಪತ್ರಿಕೆ ಒಂದು ದಿನ ಹಳೆಯದಾದರೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದೆ. ಇವತ್ತು ಇಷ್ಟು ಬರೆಯಲು ಬರುತ್ತಿರುವುದು ಆ ಬಸ್ಸಿನವರ ಪುಣ್ಯ.

ಚಿಂಚವಾಡದಲ್ಲಿ ರೈಲು ಹಳಿಯ ಈಚೆಗೆ, ಒಂದು ಕಾರಖಾನೆಯ ಕಂಪೌಂಡಿಗೆ ಬೆನ್ನು ಕೊಟ್ಟು ಎರಡು ಸಾಲು ಖೋಲಿಗಳಿದ್ದವು. ನಡುವೆ ಒಂದು ಕೈಗಾಡಿ ಹೋಗುವಷ್ಟು ದಾರಿ. ಅದಕ್ಕೆ ನಾವು ಲೈನು ಅನ್ನುತ್ತಿದ್ದೆವು. ವಿಜಯಪುರ, ಕಲಬುರಗಿ ಕಡೆಯ ಮಂದಿ ಅರ್ಧ. ಸೊಲ್ಲಾಪುರ, ಲಾತೂರ ಕಡೆಯವರು ಅರ್ಧ. ಯಾರು ಯಾವ ಭಾಷೆಯಲ್ಲಿ ಬೈದರೂ ಎಲ್ಲರಿಗೂ ತಿಳಿಯುತ್ತಿತ್ತು. ನಾನು ಮದುವೆಯಾಗಿ ಅಲ್ಲಿ ಖೋಲಿ ಹಿಡಿದಾಗ ಮನೆಗಳ ಮೇಲೆ ಇದ್ದದ್ದು ಪ್ಲಾಸ್ಟಿಕ್ಕು, ಚುನಾವಣೆಯ ಹಳೇ ಬ್ಯಾನರು, ಅವು ಹಾರದಂತೆ ಇಟ್ಟ ಸ್ಕೂಟರ್ ಟೈರು. ಮಳೆ ಬಂದರೆ ಮಂದಿ ಪಾತ್ರೆ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು.

ಆ ಖೋಲಿಗಳಿಗೆ ಒಂದೊಂದಾಗಿ ಪತ್ರಾ ಹಾಕಿದವನು ನಾನು. ಕಂಪನಿ ಕೆಲಸ ಇಲ್ಲದ ಭಾನುವಾರಗಳಲ್ಲಿ, ಕೂಲಿ ತೆಗೆದುಕೊಳ್ಳದೆ, ಬರೀ ಚಹಾ-ನಾಷ್ಟಾಕ್ಕೆ. ಆ ಕೆಲಸಕ್ಕೂ ಒಂದು ವಿದ್ಯೆ ಬೇಕು. ಪುಣೆಯ ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ಅದಕ್ಕೇ ಮೂಡಣ ಅಂಚಿನಿಂದ ಹಾಕುತ್ತ ಬರಬೇಕು. ಹಿಂದಿನದರ ಮೇಲೆ ಮುಂದಿನದು ಕೂತಾಗ ಸಂದು ಗಾಳಿಗೆ ಬೆನ್ನು ಮಾಡುತ್ತದೆ. ಬೋಲ್ಟನ್ನು ತಗಡಿನ ಏರಿನ ಮೇಲೆ ಬಿಗಿಯಬೇಕು. ತಗ್ಗಿನಲ್ಲಿ ಬಿಗಿದರೆ ನೀರು ಅಲ್ಲೇ ನಿಂತು ಒಳಗೆ ದಾರಿ ಹುಡುಕುತ್ತದೆ. ಹೀಗೆ ಹಾಕಿದ ಪತ್ರಾ ನನ್ನದು. ಇಡೀ ಲೈನಿನಲ್ಲಿ ಒಂದು ಹನಿ ಸೋರಿದ್ದು ತೋರಿಸಿದವರಿಗೆ ಇನಾಮು ಅಂತ ನಾನು ಬಹಿರಂಗವಾಗಿ ಹೇಳುತ್ತಿದ್ದೆ. ಇನಾಮು ಕೊಡುವ ಪ್ರಸಂಗ ಬರಲಿಲ್ಲ.

ಮೊದಲ ಖೋಲಿಗೆ ಹೊದಿಸಿದ ವರ್ಷ, ಮೊದಲ ದೊಡ್ಡ ಮಳೆಯ ಮರುದಿನ, ಆ ಮನೆಯ ಹೆಂಗಸು ತಾಟು ತುಂಬ ಶಿರಾ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು, "ನಿಮ್ಮ ಯಜಮಾನ್ರಿಗೆ ಹೇಳ್ರಿ, ನನ್ನ ಕೂಸು ಒಣಾ ಹಾಸಿಗ್ಯಾಗ ಮಲಗಿತ್ತು" ಅಂದಳು. ಆ ಮಾತು ನನಗೆ ಎಷ್ಟೋ ವರ್ಷ ಊಟದ ಹಾಗೆ ಸಾಲುತ್ತಿತ್ತು. ಮಳೆಗಾಲ ಬಂತೆಂದರೆ ಪತ್ರಾದ ಮೇಲೆ ಬೀಳುವ ಸದ್ದಿಗೆ ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ಕೂಗಿ ಮಾತಾಡುತ್ತಿದ್ದರು, ಕೂಗಿ ನಗುತ್ತಿದ್ದರು. ಈಗಲೂ ಜೋರು ಮಳೆ ಬಂದರೆ ನನಗೆ ಆ ಗದ್ದಲವೇ ನೆನಪಾಗುತ್ತದೆ.

ಆ ಲೈನಿಗೆ ನನ್ನ ಅಕ್ಕನ ಮಗಳು ಬಂದಳು. ಪಿಯುಸಿ ಮುಗಿಸಿ, ಪುಣೆಯಲ್ಲಿ ಐದು ವರ್ಷದ ಕಾನೂನು ಓದಲು. ನಮಗೆ ಮಕ್ಕಳಿಲ್ಲ. ಒಂದು ಖೋಲಿ, ಒಂದು ಅಡುಗೆಮನೆ. ಅವಳೂ ನನ್ನ ಹೆಂಡತಿಯೂ ಒಳಗೆ, ನಾನು ಹೊರಗೆ ಮಂಚ ಹಾಕಿಕೊಂಡು. ಟ್ರಂಕಿನ ಮೇಲೆ ಪುಸ್ತಕ ಹರವಿಕೊಂಡು ಓದುತ್ತಿದ್ದಳು. ಬೆಳಿಗ್ಗೆ ಮೂವರೂ ಹೊಸ್ತಿಲ ಹತ್ತಿರ ಕೂತು ಚಹಾದಲ್ಲಿ ಖಾರಿ ಬಿಸ್ಕಿಟು ಅದ್ದಿ ತಿನ್ನುವುದು ರೂಢಿಯಾಯಿತು. ಅದ್ದಿದ ಖಾರಿ ಯಾರದ್ದು ಮೊದಲು ಮುರಿದು ಕಪ್ಪಿನಲ್ಲಿ ಬೀಳುತ್ತದೋ ಅವರು ಕಪ್ಪು ತೊಳೆಯಬೇಕು. ಹೆಚ್ಚಾಗಿ ನನ್ನದೇ ಬೀಳುತ್ತಿತ್ತು.

"ಮಾಮಾ, ಸೋತ್ರಿ."

"ಸೋತಿಲ್ಲ. ಖಾರೀನ ಹಳೇದು."

"ಸಾಕ್ಷಿ ಏನದ?"

ನಾನು ಅವಳಿಗೆ "ಏನ್ರಿ ವಕೀಲ್ರ" ಅಂತಲೇ ಕರೆಯುತ್ತಿದ್ದೆ. ಕರಿ ಕೋಟು ಹಾಕಿಕೊಂಡು ಶಿವಾಜಿನಗರದ ಕೋರ್ಟಿಗೆ ಹೋಗುವುದನ್ನು ಮನಸ್ಸಿನಲ್ಲೇ ಎಷ್ಟು ಸಲ ನೋಡಿದ್ದೆನೋ. ಫೀಸು, ಪುಸ್ತಕ, ಬಸ್ ಪಾಸು, ಯಾವುದಕ್ಕೂ ಯಾರ ಮುಂದೂ ಕೈ ಚಾಚಲಿಲ್ಲ. ಅಕ್ಕ ತನ್ನಿಂದ ಆದಷ್ಟು ಕೊಟ್ಟಳು, ಮಿಕ್ಕದ್ದು ನಾನು.

ಕೊನೆಯ ವರ್ಷ ಒಂದು ಸಂಜೆ ಅವಳು ಹಿಗ್ಗಿ ಬಂದಳು. ಕಾನೂನು ಓದುವ ಮಕ್ಕಳು ಪರಿಸರದ ಮೇಲೆ, ಹವಾಮಾನದ ಮೇಲೆ ಕೆಲಸ ಮಾಡಿದರೆ ಒಂದು ಟ್ರಸ್ಟಿನವರು ಹಣ ಕೊಡುತ್ತಾರೆ, ಅದಕ್ಕೆ ಫೆಲೋಶಿಪ್ ಅನ್ನುತ್ತಾರೆ, ತನಗೆ ಸಿಕ್ಕಿದೆ ಅಂದಳು.

"ಯಾರ ರೊಕ್ಕ ಅದು?" ಅಂದೆ.

"ಟ್ರಸ್ಟಿನವರದು, ಮಾಮಾ."

"ಅವರು ನಮಗೇನಾಗಬೇಕು?"

"ಏನೂ ಆಗಬೇಕಿಲ್ಲ."

"ಏನೂ ಆಗದವರ ರೊಕ್ಕ ಈ ಮನ್ಯಾಗ ಇಲ್ಲಿತನಕ ಬಂದಿಲ್ಲವಾ. ನಾ ಕೂಲಿ ಇಸಗೊಂಡೀನಿ. ಮಂದಿ ರೊಕ್ಕ ಇಸಗೊಂಡಿಲ್ಲ."

"ಇದೂ ಕೂಲಿನ. ಕೆಲಸ ಮಾಡಿ ತೋರಸಬೇಕು."

"ಏನ ಕೆಲಸ?"

"ಬ್ಯಾಸಿಗ್ಯಾಗ, ಮಧ್ಯಾಹ್ನ, ಈ ಖೋಲಿಗಳ ಒಳಗ ಎಷ್ಟು ಕಾವು ಇರತದ ಅಂತ ಅಳೀಬೇಕು. ಆಮ್ಯಾಲ ಅದಕ್ಕ ಕಾನೂನಿನಾಗ ಏನು ದಾರಿ ಅದ ಅಂತ ಬರೀಬೇಕು."

"ಬಿಸಿಲಿಗೆ ಏನ ಕಾನೂನು? ಸೂರ್ಯಗ ನೋಟೀಸು ಕೊಡತೀಯೇನು?"

ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ನಕ್ಕಳು. ಹುಡುಗಿ ನಗಲಿಲ್ಲ.

"ಸೂರ್ಯಗ ಅಲ್ಲ, ಮಹಾನಗರಪಾಲಿಕೆಗೆ," ಅಂದಳು. "ಕಾರಖಾನ್ಯಾಗ ಗಾಳಿ ಆಡಬೇಕು, ಕಾವು ಮಿತಿಯೊಳಗಿರಬೇಕು ಅಂತ ಕಾಯ್ದೆ ಅದ. ಗಂಡಸರು ಹಗಲೆಲ್ಲಾ ಅಲ್ಲಿರತಾರ. ಬಸ್‌ಸ್ಟಾಪಿಗೆ ನೆರಳು ಮಾಡ್ರಿ ಅಂತಾರ. ಹೆಂಗಸರು, ಹಸುಗೂಸು, ಮುದುಕರು ಇರೋ ಖೋಲಿ ಬಗ್ಗೆ ಯಾರೂ ಒಂದು ಸಾಲು ಬರದಿಲ್ಲ."

ಅವಳು ಖೋಲಿ ಅಂದದ್ದು ನನಗೆ ಪತ್ರಾ ಅಂತಲೇ ಕೇಳಿಸಿತು. ಪತ್ರಾ ಅಂದರೆ ನಾನು.

ಸ್ವಲ್ಪ ದಿನಕ್ಕೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬಿಳಿ ಡಬ್ಬಿಗಳು ಬಂದವು. ಒಳಗಿನ ಕಾವನ್ನು ತಾವೇ ಅಳೆದು, ಅಂಕಿಯಲ್ಲಿ ತೋರಿಸಿ, ತಮ್ಮಲ್ಲೇ ಬರೆದಿಟ್ಟುಕೊಳ್ಳುವ ಡಬ್ಬಿಗಳು. ಲೈನಿನ ಹಲವು ಮನೆಗಳಲ್ಲಿ ನೇತುಹಾಕಿದಳು. ನಮ್ಮ ಮನೆಯಲ್ಲೂ ದೇವರ ಫೋಟೋದ ಪಕ್ಕ ಒಂದು. ಎದುರು ಖೋಲಿಯ ಅಜ್ಜಿ, ಅಕ್ಕಲಕೋಟೆ ಕಡೆಯವಳು, ಎಲ್ಲರೂ ಆಯಿ ಅನ್ನುತ್ತಿದ್ದೆವು, ತನ್ನ ಮನೆಯ ಡಬ್ಬಿಗೂ ದಿನಾ ಕುಂಕುಮ ಹಚ್ಚತೊಡಗಿದಳು. ಹುಡುಗಿ ಎಷ್ಟು ಹೇಳಿದರೂ ಬಿಡಲಿಲ್ಲ. "ಗೋಡೆಮ್ಯಾಲ ಇದ್ದದ್ದೆಲ್ಲಾ ದೇವರೇ, ಮಗಾ" ಅನ್ನುತ್ತಿದ್ದಳು.

ನಾನು ಮಾತ್ರ ಆ ಡಬ್ಬಿಯ ಕಡೆ ನೋಡುತ್ತಿರಲಿಲ್ಲ. ಕೆಲಸದಿಂದ ಬಂದು ಚಹಾ ಕುಡಿಯುವಾಗ ಮಾತು ಕಡಿಮೆಯಾಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ನನ್ನ ಪತ್ರಾ ಸೋರತದೇನು?"

"ಇಲ್ಲ, ಮಾಮಾ."

"ಗಾಳಿಗೆ ಹಾರಿ ಹೋಗೇದೇನು?"

"ಇಲ್ಲ."

"ಮತ್ತ ಇದರ ಮ್ಯಾಲ ಏನ ತಕರಾರು?"

"ನಿಮ್ಮ ಮ್ಯಾಲ ಏನೂ ತಕರಾರಿಲ್ಲ. ನೀವು ಮಳಿ ತಡದೀರಿ. ನಾ ಕೇಳೋದು ಬಿಸಿಲಿನ ಮಾತು."

ಹಣ ಎರಡು ಕಂತಿನಲ್ಲಿ ಬರುವುದಿತ್ತು. ಮೊದಲ ಕಂತಿನಲ್ಲಿ ಡಬ್ಬಿಗಳು, ಓಡಾಟ, ಕಾಗದಪತ್ರ. ಬೇಸಿಗೆಯ ನಡುವೆ ಟ್ರಸ್ಟಿನವರು ಸ್ವತಃ ಬಂದು ಖೋಲಿಗಳನ್ನು ನೋಡಿ, ಕೆಲಸ ಖರೆ ಅನ್ನಿಸಿದರೆ ಎರಡನೇ ಕಂತು. ಅದೇ ಹೊತ್ತಿಗೆ ಮಗರಪಟ್ಟಾದ ಒಂದು ಕಂಪನಿಯವರು ಇವಳಿಗೆ ತಮ್ಮ ಕಾನೂನು ವಿಭಾಗದಲ್ಲಿ ಕೆಲಸ ಕೊಡುತ್ತೇವೆ ಅಂದಿದ್ದರು. ಅವರಿಗೆ ಬೇಗ ಉತ್ತರ ಹೇಳಬೇಕಿತ್ತು. ಎರಡನೇ ಕಂತು ಬಂದರೆ ಇನ್ನೊಂದು ಬೇಸಿಗೆಯವರೆಗೂ ಅಳೆದು, ಬರೆದು ಮುಗಿಸುತ್ತಾಳೆ. ಬರದಿದ್ದರೆ ಕೆಲಸ ಅರ್ಧಕ್ಕೆ ನಿಂತು ಹೋಗುತ್ತದೆ, ಇವಳು ಮಗರಪಟ್ಟಾದ ತಂಪು ಆಫೀಸಿನಲ್ಲಿ ಕೂರುತ್ತಾಳೆ. ನನ್ನ ಮನಸ್ಸು ಮಗರಪಟ್ಟಾದ ಕಡೆಗೇ ಇತ್ತು. ಅವಳ ಮನಸ್ಸು ಎಲ್ಲಿತ್ತು ಅನ್ನುವುದು ಊಟ ಬಿಟ್ಟ ತಾಟು ನೋಡಿದರೇ ತಿಳಿಯುತ್ತಿತ್ತು.

ಆದರೆ ಮನೆಗೆ ಮಂದಿ ಬರುವುದು ಬೇರೆ ಮಾತು. ಅದರಲ್ಲಿ ನನ್ನ ಮನಸ್ಸು, ಅವಳ ಮನಸ್ಸು ಅಂತ ಇರುವುದಿಲ್ಲ.

ಟ್ರಸ್ಟಿನವರು ಬರುವ ಸುದ್ದಿ ನಳದ ಹತ್ತಿರ ಮೊದಲು ಹಬ್ಬಿತು. ನಮ್ಮ ಕಡೆ ಕನ್ಯಾ ನೋಡಲು ಬೀಗರಾಗುವವರು ಬಂದರೆ ಇಡೀ ಓಣಿ ತನ್ನ ಮನೆಯ ಕೆಲಸ ಅನ್ನುವ ಹಾಗೆ ನಿಲ್ಲುತ್ತದೆ. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಮನೆಯ ಸ್ಟೀಲಿನ ತಾಟು, ಮತ್ತೊಬ್ಬರ ಮನೆಯ ಹೊಸ ಚಾದರ. ಬಂದವರಿಗೆ ಒಂದೇ ಒಂದು ಕೊರತೆ ಕಣ್ಣಿಗೆ ಬೀಳಬಾರದು. ಲೈನಿನ ಹೆಂಗಸರು ಹಾಗೆಯೇ ತಯಾರಾದರು. ನಾನೂ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಹುಡುಗಿ ಬೆಳಿಗ್ಗೆಯೇ ಕಾಲೇಜಿಗೆ ಹೋಗಿ ಅತಿಥಿಗಳನ್ನು ಅಲ್ಲಿಂದಲೇ ಕರೆದುಕೊಂಡು ಬರುವುದಿತ್ತು.

ಅವಳು ಅತ್ತ ಹೋದಳು, ಇತ್ತ ನಾನು ಪತ್ರಾ ಹತ್ತಿದೆ. ಉಳ್ಳಾಗಡ್ಡಿ ವ್ಯಾಪಾರಿಯ ಹತ್ತಿರದಿಂದ ಗೋಣಿಚೀಲ ತಂದಿಟ್ಟಿದ್ದೆ. ಬಿಚ್ಚಿ, ನಮ್ಮ ಮನೆಯ ಮೇಲೆ ಎರಡು ಪದರು ಹಾಸಿದೆ. ಕೆಳಗಿನಿಂದ ಹೆಂಗಸರು ಕೊಡ ಕೊಡ ನೀರು ಏರಿಸಿದರು. ನಾನು ಸುರಿದೆ. ಒಣಗಿದ ಹಾಗೆಲ್ಲ ಮತ್ತೆ ಸುರಿದೆ. ಕಾದ ತಗಡು ಚೊಯ್ ಅಂದು ಆಮೇಲೆ ಸುಮ್ಮನಾಯಿತು.

"ಅಣ್ಣಾ, ಪತ್ರಾಕ್ಕ ಅಭಿಷೇಕ ನಡದದಲ್ಲ," ಅಂತ ಒಬ್ಬಳು ಕೆಳಗಿನಿಂದ ಚೇಷ್ಟೆ ಮಾಡಿದಳು.

"ನೀ ಕೊಡ ಏರಸು. ಮಂತ್ರ ನಾ ನೋಡಕೋತೀನಿ," ಅಂದೆ.

ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಕೆಳಗೆ ಬಂದು ಖೋಲಿಯೊಳಗೆ ಹೆಜ್ಜೆ ಇಟ್ಟರೆ ಬಾವಿಯ ಮೆಟ್ಟಿಲು ಇಳಿದ ಹಾಗೆ ತಂಪು. ಅದಕ್ಕಿಂತ ಹೆಚ್ಚಿನ ಉಪಚಾರ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ನನಗೆ ಭಾಳ ಸಂತೋಷವಾಯಿತು.

ಇಬ್ಬರು ಬಂದರು. ಒಬ್ಬರು ವಯಸ್ಸಾದ ಹೆಂಗಸು, ಅಲ್ಲಿಯ ರೂಢಿಯಂತೆ ನಾವು ಬಾಯಿಯವರು ಅಂದೆವು, ಬಹಳ ವರ್ಷ ವಕೀಲಿ ಮಾಡಿದವರು, ಕಾಟನ್ ಸೀರೆ, ಕೈಯಲ್ಲಿ ಸಾದಾ ಚೀಲ. ಇನ್ನೊಬ್ಬ ತರುಣ, ಲ್ಯಾಪ್‌ಟಾಪ್ ಹಿಡಿದವನು. ಬಾಯಿಯವರು ನಮ್ಮ ಹತ್ತಿರ ಮರಾಠಿಯಲ್ಲಿ ಮಾತಾಡಿದರು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ಸೆರಗಿನಿಂದ ಹಣೆ ಒರೆಸಿಕೊಂಡು, "ಅಬ್ಬಾ, ಇಲ್ಲಿ ಎಷ್ಟು ಹಾಯಾಗಿದೆ" ಅಂದರು.

ನಾನು ಹುಡುಗಿಯ ಕಡೆ ನೋಡಿದೆ, ಶಹಬ್ಬಾಸು ಅನ್ನಲಿ ಅಂತ. ಅವಳು ಪತ್ರಾದ ಕಡೆ ನೋಡುತ್ತಿದ್ದಳು. ಮುಖದ ಬಣ್ಣ ಹೋಗಿತ್ತು.

ತರುಣ ಗೋಡೆಯ ಡಬ್ಬಿ ನೋಡಿದ. ಲ್ಯಾಪ್‌ಟಾಪ್ ನೋಡಿದ. ಮತ್ತೆ ಡಬ್ಬಿ ನೋಡಿದ. ಇಂಗ್ಲಿಷಿನಲ್ಲಿ ಏನೋ ಹೇಳಿದ. ಬಾಯಿಯವರು ಹುಡುಗಿಯನ್ನು ಮೆಲ್ಲಗೆ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ; ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು.

"ನೀನು ಕಳಿಸಿದ ಲೆಕ್ಕದಲ್ಲಿ ಈ ಮನೆ ಈ ಹೊತ್ತಿಗೆ ಒಲೆಯ ಹಾಗಿರುತ್ತದೆ ಅಂತ ಇದೆ. ಹೊರಗೆ ಇವತ್ತು ಅವತ್ತಿಗಿಂತ ಬಿಸಿಲು ಹೆಚ್ಚು. ಒಳಗೆ ಇಷ್ಟು ತಂಪಿದೆ. ಯಾವುದು ಖರೆ, ಮಗಳೇ?"

ಹುಡುಗಿ ನನ್ನ ಕಡೆ ತಿರುಗಿದಳು. ಖರೆ ಹೇಳಿದರೆ ಮಾಮನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳ ಕೆಲಸವೇ ಹೋಗುತ್ತದೆ. ಅದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಅವಳು ನನ್ನ ಹತ್ತಿರ ಬಗ್ಗಿ ಕನ್ನಡದಲ್ಲಿ, "ಮಾಮಾ, ಏನ ಮಾಡೀರಿ?" ಅಂದಳು.

ಬಾಗಿಲಲ್ಲಿ ನಿಂತಿದ್ದ ಆಯಿಗೆ ಇದೆಲ್ಲ ತಡೆದುಕೊಳ್ಳಲಾಗಲಿಲ್ಲ. ಒಳಗೆ ಬಂದು ನೆಲದ ಮೇಲೆ ಕೂತೇಬಿಟ್ಟಳು.

"ಬಾಯಿಸಾಹೇಬ, ಈ ತಂಪು ನಮ್ಮದಲ್ಲ. ಇದು ನಿಮ್ಮ ಸಲುವಾಗಿ," ಅಂದಳು. "ಮ್ಯಾಲ ಗೋಣಿಚೀಲ ಹಾಸ್ಯಾನ ಇವ. ಬೆಳಗಿನಿಂದ ನೀರು ಸುರದಾನ. ಸ್ವಲ್ಪ ಕೂಡ್ರಿ, ಒಣಗಲಿ. ಆಮ್ಯಾಲ ಡಬ್ಬಿ ನೋಡ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ತಲೆ ತಗ್ಗಿಸಲಿಲ್ಲ. "ಹೌದು, ಹಾಸೀನಿ. ಬಿಸಿಲಾಗ ಬಂದ ಮಂದೀನ ಕಾದ ಖೋಲ್ಯಾಗ ಕೂಡಿಸಿ ಚಹಾ ಕೊಡೋ ಪದ್ಧತಿ ನಮ್ಮಲ್ಲಿಲ್ಲ," ಅಂದೆ. ಇವತ್ತಿಗೂ ಅದನ್ನು ತಪ್ಪು ಅಂತ ನಾನು ಅನ್ನುವುದಿಲ್ಲ.

ಬಾಯಿಯವರು ನಗಲಿಲ್ಲ. "ಅಷ್ಟು ನೀರು ಎಲ್ಲಿಂದ ಬಂತು?" ಅಂದರು.

ನಾನು ನಳ ಅನ್ನುವವನಿದ್ದೆ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಂದ ಹೇಳಿದಳು: "ಇವತ್ತಿನ ನೀರು ರೀ. ನಮ್ಮದು, ಬಾಜು ಮನಿಯವರದು, ಎದುರಿಗಿನವರದು. ಇವತ್ತ ಯಾರ ಮನ್ಯಾಗೂ ಬಟ್ಟಿ ಒಗಿಯಾಂಗಿಲ್ಲ, ಮೈ ತೊಳ್ಯಾಂಗಿಲ್ಲ. ಕುಡಿಯಾಕ ಇಷ್ಟು ತಗದಿಟ್ಟೀವಿ."

ನಳ ದಿನಕ್ಕೊಂದು ಸಲ ಬರುತ್ತಿತ್ತು. ನಾನು ಮೇಲಿದ್ದೆ, ಕೊಡ ಬಂದವು, ಸುರಿದೆ. ಅವು ಯಾರ ಮನೆಯ ಕೊಡ ಅಂತ ನೋಡಿರಲಿಲ್ಲ. ಹುಡುಗಿ ಅತ್ತೆಯ ಕಡೆ ತಿರುಗಿ, "ಅತ್ತಿ, ನೀವೂ ಇದರಾಗ ಇದ್ರೇನು?" ಅಂದಳು. ಸಿಟ್ಟು ಮಾಡಿಕೊಳ್ಳಬೇಕೆಂದು ಶುರು ಮಾಡಿದ ಮಾತು, ಅರ್ಧದಲ್ಲಿ ದನಿ ಒಡೆಯಿತು.

"ನಿನ್ನ ಸಲುವಾಗಿ ಅಲ್ಲೇನ ಹುಚ್ಚಿ. ನಿನ್ನ ಮಂದಿ ಬರತಾರಂತ," ಅಂದಳು ನನ್ನ ಹೆಂಡತಿ.

ಬಾಯಿಯವರು ನನ್ನನ್ನು ಕೇಳಿದರು, "ದಾದಾ, ಆ ಚೀಲ ತೆಗೆಯುತ್ತೀರಾ? ನಾವು ಕೂತಿರುತ್ತೇವೆ."

ಪತ್ರಾದ ಮೇಲೆ ಎಲ್ಲೆಂದರಲ್ಲಿ ಕಾಲಿಡುವಂತಿಲ್ಲ. ಬೋಲ್ಟಿನ ಸಾಲು ಹಿಡಿದು, ಕೆಳಗೆ ಕಬ್ಬಿಣ ಇರುವ ಕಡೆಯೇ ನಡೆಯಬೇಕು. ಹಾಗೆ ನಡೆದು ಒಂದೊಂದು ಚೀಲ ಸುತ್ತಿ ಕೆಳಗೆ ಎಸೆದೆ. ಒದ್ದೆ ತಗಡು ನೋಡನೋಡುತ್ತ ಒಣಗಿತು. ಇಳಿದು ಬಂದು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಲು ಹೋದೆ.

"ನೀವೂ ಒಳಗೆ ಬನ್ನಿ," ಅಂದರು ಬಾಯಿಯವರು.

ಒಳಗೆ ಹೋಗಿ ಕೂತೆ. ಅಲ್ಲಿ ಕೂತ ಮೇಲೆ ಒಂದು ಮಾತು ತಿಳಿಯಿತು. ಮದುವೆಯಾಗಿ ಆ ಖೋಲಿಗೆ ಬಂದ ಮೇಲೆ ಬೇಸಿಗೆಯ ಒಂದು ಮಧ್ಯಾಹ್ನವೂ ನಾನು ಅದರೊಳಗೆ ಕೂತಿರಲಿಲ್ಲ. ಬೆಳಿಗ್ಗೆ ಹೋಗುವವನು, ಸಂಜೆ ಬರುವವನು. ಭಾನುವಾರ ಯಾರದೋ ಪತ್ರಾದ ಮೇಲೆ. ಮೇಲೆ ಬಿಸಿಲಿದ್ದರೂ ಗಾಳಿ ಇರುತ್ತದೆ, ತಲೆಗೆ ರುಮಾಲಿರುತ್ತದೆ, ದೂರದವರೆಗೆ ಕಣ್ಣು ಹಾಯುತ್ತದೆ.

ಮೊದಲು ಮಾತು ನಡೆದಿತ್ತು. ಹುಡುಗಿ ತನ್ನ ಕೆಲಸ ವಿವರಿಸುತ್ತಿದ್ದಳು. ಬರಬರುತ್ತ ಮಾತು ನಿಧಾನವಾಯಿತು. ಕಾವು ಮೇಲಿನಿಂದ ಕೈಯಿಟ್ಟು ಒತ್ತಿದ ಹಾಗೆ ಇಳಿಯಿತು. ತರುಣ ಅಂಗಿಯ ಮೇಲಿನ ಗುಂಡಿ ಬಿಚ್ಚಿದ, ಆಮೇಲೆ ಇನ್ನೊಂದು. ಫ್ಯಾನು ತಿರುಗುತ್ತಿತ್ತು, ಒಲೆಯ ಮೇಲಿನ ಗಾಳಿಯನ್ನು ತಂದು ಮುಖಕ್ಕೆ ಸುರಿಯುತ್ತಿತ್ತು. ಬಾಜು ಮನೆಯ ಬಾಣಂತಿ ಕೂಸಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದು ಬಾಗಿಲಲ್ಲಿ ಕೂತಳು.

"ಈ ಹೊತ್ತಿಗೆ ನಾ ದಿನಾ ಸ್ಟೇಷನ್ನಿನ ಮೆಟ್ಟಲ ಕೆಳಗ ಹೋಗಿ ಕೂಡತೀನಿ ರೀ," ಅಂತ ಅವಳು ಬಾಯಿಯವರಿಗೆ ಹೇಳಿದಳು. "ಅಲ್ಲಿ ನೆಳ್ಳ ಅದ. ಪೊಲೀಸರು ಏಳಸ್ತಾರ. ಮತ್ತ ಹೋಗಿ ಕೂಡತೀನಿ."

ಆಯಿ ತಾನು ತಾಟಿನಲ್ಲಿ ನೀರು ಹಾಕಿ ಕಾಲಿಟ್ಟುಕೊಂಡು ಕೂರುತ್ತೇನೆ ಅಂದಳು. ನನ್ನ ಹೆಂಡತಿ ಸೀರೆ ಒದ್ದೆ ಮಾಡಿಕೊಂಡು ಬರೀ ನೆಲದ ಮೇಲೆ ಮಲಗುತ್ತಾಳಂತೆ. ಒಣಗಿದರೆ ಎದ್ದು ಮತ್ತೆ ಒದ್ದೆ ಮಾಡಿಕೊಳ್ಳುತ್ತಾಳಂತೆ. ಬಾಯಿಯವರಿಗೆ ಹೇಳುತ್ತಿದ್ದಳು, ನಾನು ಅಲ್ಲೇ ಕೂತು ಹೊಸ ಮಾತು ಕೇಳಿದ ಹಾಗೆ ಕೇಳಿದೆ.

"ನನಗ ಒಂದ ಸಲ ಹೇಳಬೇಕಾಗಿತ್ತಲ್ಲ," ಅಂದೆ.

"ನೀವು ಸಂಜಿಕ ಬರತಿದ್ರಿ. ಪತ್ರಾ ನೋಡಿ, ಒಂದು ಹನಿ ಸೋರಂಗಿಲ್ಲ ನೋಡು ಅಂತಿದ್ರಿ. ಅಷ್ಟು ಖುಷೀಲೆ ಅನ್ನೋರಿಗೆ ಏನ ಹೇಳಲಿ?" ಅಂದಳು. ದೂರುವ ದನಿ ಇರಲಿಲ್ಲ. ಅವಳು ಖರೇನೇ ನನ್ನ ಖುಷಿ ಕೆಡಿಸಲು ಮನಸ್ಸು ಮಾಡಿರಲಿಲ್ಲ, ಅಷ್ಟೇ.

ತರುಣ ಡಬ್ಬಿ ನೋಡಿದ. ಅಂಕಿ ನೋಡಿ ತಲೆಯಾಡಿಸಿದ. ಲ್ಯಾಪ್‌ಟಾಪ್ ಮುಚ್ಚಿ, ತೊಡೆಯ ಮೇಲೆ ಅದೂ ಸುಡುತ್ತದೆಂದು ನೆಲಕ್ಕಿಟ್ಟ. ಬಾಯಿಯವರು ಚಹಾ ಬೇಡವೆಂದು ಒಂದು ಲೋಟ ನೀರು ಕೇಳಿದರು. ನನ್ನ ಹೆಂಡತಿ ಕೊಡಹೋದಾಗ ಅದು ಯಾವ ನೀರು ಅನ್ನುವುದು ನೆನಪಾಗಿರಬೇಕು, ಅರ್ಧ ಲೋಟ ಸಾಕು ಅಂದರು.

ಹೊರಡುವಾಗ ರಿಕ್ಷಾದವರೆಗೆ ನಾನೂ ಹುಡುಗಿಯೂ ಬಿಡಲು ಹೋದೆವು. ಬಾಯಿಯವರು ಅವಳ ಹೆಗಲ ಮೇಲೆ ಕೈಯಿಟ್ಟು, "ನಾನು ಕಂಡದ್ದನ್ನು ಹೇಳುತ್ತೇನೆ. ಕೊಡುವುದು ಬಿಡುವುದು ನನ್ನೊಬ್ಬಳ ಕೈಯಲ್ಲಿಲ್ಲ, ಎಲ್ಲರೂ ಕೂತು ತೀರ್ಮಾನ ಮಾಡಬೇಕು. ಸ್ವಲ್ಪ ಸಮಯ ಹಿಡಿಯುತ್ತದೆ" ಅಂದರು. ಸಮಯವೇ ಅವಳ ಹತ್ತಿರ ಇರಲಿಲ್ಲ. ಮಗರಪಟ್ಟಾದವರಿಗೆ ಮರುದಿನ ಉತ್ತರ ಹೇಳಬೇಕಿತ್ತು.

ರಿಕ್ಷಾ ಹೋಯಿತು. ಇಬ್ಬರೂ ಲೈನಿನ ಕಡೆ ನಡೆದೆವು. ನಾನೇ ಶುರು ಮಾಡಿದೆ.

"ಕಂಪನಿಯವರಿಗೆ ಬರೂದಿಲ್ಲ ಅಂತ ಹೇಳು."

ಅವಳು ನಿಂತುಬಿಟ್ಟಳು. "ಎರಡನೇ ಕಂತು ಬರದಿದ್ರ?"

"ಬರದಿದ್ರ ನಾ ಅದೀನಿ. ಎಷ್ಟು ಬೇಕೋ ಅಷ್ಟು ಅಳಿ. ಎಷ್ಟು ಬೇಕೋ ಅಷ್ಟು ಬರಿ. ಊಟ ಮನ್ಯಾಗದ, ಬಸ್ಸಿಗೆ ನಾ ಕೊಡತೀನಿ."

"ಮಂದಿ ರೊಕ್ಕ ಬ್ಯಾಡ ಅಂದವರು ನೀವ."

"ನಂದು ಮಂದಿ ರೊಕ್ಕ ಏನವಾ?"

ಅವಳು ನಕ್ಕಳು. ಆ ಇಡೀ ಬೇಸಿಗೆಯಲ್ಲಿ ಮೊದಲ ಸಲ. ಆಮೇಲೆ ಅಲ್ಲೇ ದಾರಿಯಲ್ಲಿ ಕಣ್ಣೊರೆಸಿಕೊಂಡಳು. ನಾನು ಯಾರದೋ ಹೊಸ ಶೆಡ್ಡನ್ನು ನೋಡುವವನ ಹಾಗೆ ಬೇರೆ ಕಡೆ ನೋಡುತ್ತ ನಿಂತೆ.

ಮರುದಿನ ಕಂಪನಿಗೆ ಬರುವುದಿಲ್ಲ ಅಂತ ತಿಳಿಸಿದಳು. ಊರಿಂದ ಅಕ್ಕ ಫೋನು ಮಾಡಿ ನನಗೆ ಬೈದಳು. "ಆರನೇ ಇಯತ್ತೆ ಕಲತವ ನೀ, ನನ್ನ ಮಗಳಿಗೆ ಬುದ್ಧಿ ಹೇಳಾಕ ಹೋಗೀಯಲ್ಲ" ಅಂದಳು. ಅಕ್ಕ ಅಂದಮೇಲೆ ಬೈಯಲೇಬೇಕು, ಬೈಸಿಕೊಂಡೆ. ಮನೆಯಲ್ಲಿ ಬೆಳಗಿನ ಖಾರಿ ಪಂದ್ಯ ಮತ್ತೆ ಶುರುವಾಯಿತು. ಫೋನು ಸದ್ದು ಮಾಡಿದರೆ ಮೂವರೂ ಅದರ ಕಡೆ ನೋಡುತ್ತಿದ್ದೆವು. ಆಯಿ ಡಬ್ಬಿಗೆ ಕುಂಕುಮದ ಜೊತೆ ಹೂವನ್ನೂ ಏರಿಸತೊಡಗಿದ್ದಳು.

ಆ ದಿನಗಳನ್ನು ನೆನೆದರೆ ಎದೆ ತುಂಬುತ್ತದೆ. ಏನೂ ಕೈಗೆ ಬಂದಿರಲಿಲ್ಲ, ಬರುವುದೂ ಖಾತ್ರಿಯಿರಲಿಲ್ಲ. ಆದರೂ ಮಧ್ಯಾಹ್ನ ಊಟಕ್ಕೆ ಸಮೀಪದಲ್ಲಿ ಕೆಲಸವಿದ್ದರೆ ನಾನು ಮನೆಗೆ ಬಂದು, ಹೆಂಡತಿಯ ಪಕ್ಕ ಆ ಕಾವಿನಲ್ಲೇ ಕೂತು ಉಣ್ಣುತ್ತಿದ್ದೆ. "ಯಾಕ ಇಲ್ಲಿ ಬಂದು ಬೇಯ್ತೀರಿ, ಅಲ್ಲೇ ಗಿಡದ ಕೆಳಗ ಉಣಬಾರದೇನು?" ಅನ್ನುತ್ತಿದ್ದಳು. ಬೀಸಣಿಕೆಯನ್ನು ಮಾತ್ರ ನನ್ನ ಕಡೆಗೇ ಬೀಸುತ್ತಿದ್ದಳು.

ಈಗ ಹುಡುಗಿ ಬೇರೆ ಊರಲ್ಲಿದ್ದಾಳೆ, ಇದೇ ನಮೂನೆಯ ಕೆಲಸದಲ್ಲಿ. ಆಯಿ ಇಲ್ಲ. ಲೈನಿನ ಅರ್ಧ ಕೆಡವಿ ಕಟ್ಟಡ ಎಬ್ಬಿಸಿದ್ದಾರೆ. ಉಳಿದ ಅರ್ಧದ ಮೇಲೆ ನನ್ನ ಪತ್ರಾ ಹಾಗೇ ಇದೆ. ಅವಳ ಬರಹವನ್ನು ಪಾಲಿಕೆಯವರು ಎಷ್ಟು ಓದಿದರೋ ನನಗೆ ಗೊತ್ತಿಲ್ಲ. ಕೇಳಿದರೆ "ನಡದದ ಮಾಮಾ, ನಿಧಾನ ನಡದದ" ಅನ್ನುತ್ತಾಳೆ.

ಆ ವರ್ಷ ಟ್ರಸ್ಟಿನವರ ಸುದ್ದಿ ಬಂದ ದಿನ ನಾನು ತಳೇಗಾಂವದಲ್ಲಿ, ಒಂದು ದೊಡ್ಡ ಗೋದಾಮಿನ ಛಾವಣಿಯ ಮೇಲಿದ್ದೆ. ಮೋಡ ಕವಿದಿತ್ತು, ಮಳೆಯ ಮೊದಲು ಮುಗಿಸುವ ಅವಸರ. ಜೊತೆಗೆ ನನ್ನ ಕೆಲಸದ ಆಳುಗಳು ಮೂವರು. ಫೋನು ತೆಗೆದರೆ ಅವಳ ದನಿ.

"ಬಂತು, ಮಾಮಾ. ಎರಡನೇ ಕಂತು ಕೊಡತೀವಿ ಅಂತ ಬರದಾರ."

"ಪೂರ್ತಿ?"

"ಪೂರ್ತಿ. ಇನ್ನ ನಿಮ್ಮ ರೊಕ್ಕ ಉಳೀತು."

"ಉಳೀಲಿ. ನಿಮ್ಮ ಅತ್ತಿಗೆ ಹೇಳು ಮೊದಲು," ಅಂದು ಫೋನು ಜೇಬಿಗಿಟ್ಟೆ. ಬೋಲ್ಟು ಬಿಗಿಯುವ ಪಾನಾ ಕೈಗೆ ತೆಗೆದುಕೊಂಡರೆ ಬೋಲ್ಟು ಸರಿಯಾಗಿ ಕಾಣುತ್ತಿರಲಿಲ್ಲ.

"ಏನಾತು ಉಸ್ತಾದ?" ಅಂದ ಒಬ್ಬ.

"ನಮ್ಮ ಹುಡುಗಿ ಕೆಲಸಕ್ಕ ರೊಕ್ಕ ಮಂಜೂರಾತು."

"ವಕೀಲ ಆದ್ಳೇನು? ಯಾವ ಕೋರ್ಟು?"

"ಕೋರ್ಟಲ್ಲ. ಬರೀತಾಳ."

"ಏನ ಬರೀತಾಳ?"

"ಪತ್ರಾದ ಕೆಳಗ ಮಂದಿ ಬ್ಯಾಸಿಗಿ ಹೆಂಗ ಕಳೀತಾರ ಅಂತ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಅದನ್ನ ಬರಿಯಾಕೂ ರೊಕ್ಕ ಕೊಡತಾರೇನು?"

"ಕೊಡತಾರ," ಅಂದೆ. "ಕೊಡಬೇಕು."